ಶುಗರ್ ಕಾಂಪ್ಲಿಕೇಶನ್‌ಗೆ ಹೊಸ ಔಷಧಿ ಬಂತಂತೆ ಅನ್ನೋ ಸುದ್ದಿ ಓದೋದು ಹೇಗೆ

"ಶುಗರಿಂದ ಹಾಳಾದ ಕಿಡ್ನಿ ವಾಪಸ್ ಸರಿಹೋಗತ್ತಂತೆ", "ಮುಪ್ಪನ್ನೇ ತಡೆಯೋ ಮಾತ್ರೆ ಕಂಡುಹಿಡಿದ್ರಂತೆ" ಅಂತ ಫ್ಯಾಮಿಲಿ ಗ್ರೂಪಲ್ಲಿ ಏನಾದ್ರೂ ಒಂದು ಬರ್ತಾನೇ ಇರತ್ತೆ ಅಲ್ವಾ. ಎಲ್ಲಾ ಸುಳ್ಳು ಅಂತ ತಳ್ಳಾಕೋಕೂ ಆಗಲ್ಲ, ಯಾಕಂದ್ರೆ ಕಿಡ್ನಿ ವಿಷಯದಲ್ಲಂತೂ ಈಚೆಗೆ ನಿಜವಾಗ್ಲೂ ಒಳ್ಳೇ ಔಷಧಿಗಳು ಬಂದಿವೆ, ಹಾಗಂತ ಎಲ್ಲಾನೂ ನಂಬಿಬಿಟ್ರೆ ದುಡ್ಡೂ ಹೋಗತ್ತೆ ಆರೋಗ್ಯಾನೂ ಹೋಗತ್ತೆ. ನಮ್ಮ ದೇಶದಲ್ಲಿ ಡಯಾಬಿಟಿಸ್ ಇರೋರು ಸುಮಾರು 10 ಕೋಟಿ ಅಂತ ಐಸಿಎಂಆರ್-ಇಂಡಿಯಾಬ್ ಸ್ಟಡಿ 2023ರಲ್ಲಿ ಹೇಳಿದೆ, ಹಾಗಾಗಿ ಇಂಥ ಸುದ್ದಿಗೆ ಗಿರಾಕಿಗಳಿಗೇನೂ ಬರ ಇಲ್ಲ. ಡಾಕ್ಟರ್ ಆಗಿರ್ಬೇಕು ಅಂತೇನಿಲ್ಲ, ಕೆಲವು ಪ್ರಶ್ನೆ ಕೇಳೋಕೆ ಬಂದ್ರೆ ಸಾಕು, ಮೊಬೈಲಲ್ಲೇ ಜೊಳ್ಳು ಯಾವ್ದು ಕಾಳು ಯಾವ್ದು ಅಂತ ಸುಮಾರಾಗಿ ಗೊತ್ತಾಗತ್ತೆ.

ಇಲಿನಾ, ಮನುಷ್ಯರಾ?

ಇದು ಒಂದೇ ನಿಮಿಷದ ಕೆಲಸ. ಸುದ್ದೀಲಿ ಎಲ್ಲೋ ಕೊನೇ ಪ್ಯಾರಾದಲ್ಲಿ "ಇಲಿಗಳ ಮೇಲೆ" ಅಂತ ಇರತ್ತೆ, ಹೆಡ್‌ಲೈನಲ್ಲಿ ಇರಲ್ಲ. ಲ್ಯಾಬಲ್ಲಿ ಸಾಮಾನ್ಯವಾಗಿ ಸ್ಟ್ರೆಪ್ಟೋಜೋಟೋಸಿನ್ ಅನ್ನೋ ಕೆಮಿಕಲ್ ಚುಚ್ಚಿ ಇಲಿಯ ಇನ್ಸುಲಿನ್ ಮಾಡೋ ಜೀವಕೋಶಗಳನ್ನ ಸಾಯಿಸ್ತಾರೆ, ಕೆಲವೇ ದಿನದಲ್ಲಿ ಶುಗರ್ ಏರತ್ತೆ, ಕೆಲವು ವಾರ ಬಿಟ್ಟು ಕಿಡ್ನಿ ನೋಡ್ತಾರೆ. ನಮ್ಮ ಅಪ್ಪ ಅಮ್ಮಂದಿರಿಗೆ ಕಿಡ್ನಿ ತೊಂದ್ರೆ ಬರೋದು ಹತ್ತು ಹದಿನೈದು ವರ್ಷ ಶುಗರ್ ಜೊತೆಗೆ ಬಿಪಿ, ವಯಸ್ಸು, ತೂಕ ಎಲ್ಲಾ ಸೇರ್ಕೊಂಡು. ಎರಡೂ ಒಂದೇ ಕಾಯಿಲೆ ಅಂತ ಹೇಳೋದೇ ಕಷ್ಟ. ಇಲಿ ಸ್ಟಡಿ ಬೇಡ ಅಂತಲ್ಲ, ಆದ್ರೆ ಅದನ್ನ ನಂಬ್ಕೊಂಡು ಈಗಿರೋ ಮಾತ್ರೆ ಬದಲಾಯಿಸೋ ಹಾಗಿಲ್ಲ.

ಏನನ್ನ ಅಳೆದಿದಾರೆ?

ಇಲ್ಲೇ ಜಾಸ್ತಿ ಜನ ಎಡವೋದು, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಕಣ್ಣು ಹೋಗ್ದೇ ಉಳೀತಾ, ಡಯಾಲಿಸಿಸ್ ತಪ್ತಾ, ಕಾಲು ಕತ್ತರಿಸೋದು ತಪ್ತಾ, ಜನ ಜಾಸ್ತಿ ದಿನ ಬದುಕಿದ್ರಾ, ಇವು ನಮಗೆ ಬೇಕಾಗಿರೋ ಉತ್ತರ. ಆದ್ರೆ ಇವಕ್ಕೆಲ್ಲ ವರ್ಷಗಟ್ಟಲೆ ಕಾಯ್ಬೇಕು, ಅದಕ್ಕೇ ಸ್ಟಡಿ ಮಾಡೋರು ಎಷ್ಟೋ ಸಲ ಬೇಗ ಸಿಗೋ ನಂಬರ್ ಹಿಡೀತಾರೆ, ಅಂದ್ರೆ ಯೂರಿನಲ್ಲಿ ಪ್ರೋಟೀನ್ ಎಷ್ಟು, ರಕ್ತನಾಳ ಎಷ್ಟು ಗಟ್ಟಿ, ಶುಗರ್ ಎಷ್ಟು, ಹೀಗೆ.

ಉದಾಹರಣೆಗೆ ಎಜಿಇ ಕಥೆ ತಗೊಳ್ಳಿ. ಕಾವಲಿ ಮೇಲೆ ದೋಸೆ ಕೆಂಪಗಾಗೋದು ಸಕ್ಕರೆ ಅಂಶ ಮತ್ತೆ ಪ್ರೋಟೀನ್ ಸೇರಿ ಆಗೋ ರಿಯಾಕ್ಷನ್ನು, ಅದೇ ಜಾತಿ ರಿಯಾಕ್ಷನ್ ನಮ್ಮ ಮೈಯೊಳಗೂ 37 ಡಿಗ್ರಿ ಬಿಸೀಲಿ ತುಂಬಾ ನಿಧಾನಕ್ಕೆ ನಡೀತಾ ಇರತ್ತೆ. ಎಚ್‌ಬಿಎ1ಸಿ ಟೆಸ್ಟ್ ಅಳೆಯೋದೂ ಹಿಮೋಗ್ಲೋಬಿನ್‌ಗೆ ಅಂಟ್ಕೊಂಡಿರೋ ಸಕ್ಕರೇನೇ. ರಕ್ತನಾಳದ ಗೋಡೇಲಿರೋ ಕೊಲಾಜೆನ್ ಥರ ವರ್ಷಗಟ್ಟಲೆ ಬದಲಾಗದೆ ಇರೋ ಪ್ರೋಟೀನ್‌ಗಳಲ್ಲಿ ಇದು ಮುಂದುವರೆದು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗತ್ತೆ, ಹಾಗೆ ಉಳಿಯೋ ಪದಾರ್ಥಗಳಿಗೇ ಎಜಿಇ ಅಂತಾರೆ. ವಯಸ್ಸಾದ್ರೆ ಎಲ್ಲರಲ್ಲೂ ಆಗತ್ತೆ, ಶುಗರ್ ಜಾಸ್ತಿ ಇದ್ರೆ ಬೇಗ ಆಗತ್ತೆ. ಹಾಗಾದ್ರೆ ಇದನ್ನ ತಡೆದ್ರೆ ಡಯಾಬಿಟಿಸ್ ಕಾಂಪ್ಲಿಕೇಶನ್ನೂ ಮುಪ್ಪಿನ ಕಾಯಿಲೆಗಳೂ ಎರಡೂ ಒಂದೇ ಏಟಿಗೆ ನಿಲ್ಬೇಕಲ್ವಾ ಅಂತ ಅನ್ಸತ್ತೆ, ವಿಜ್ಞಾನಿಗಳಿಗೂ ಹಾಗೇ ಅನ್ಸಿತ್ತು.

ನ್ಯೂಯಾರ್ಕಿನ ರಾಕಫೆಲ್ಲರ್ ಯೂನಿವರ್ಸಿಟೀಲಿ ಆಂಥನಿ ಸೆರಾಮಿ ಮತ್ತೆ ಜೊತೆಯವರು 1986ರಲ್ಲಿ ಅಮಿನೋಗ್ವಾನಿಡಿನ್ ಅನ್ನೋದನ್ನ ಶುಗರ್ ಇರೋ ಇಲಿಗಳಿಗೆ ಕೊಟ್ಟು ರಕ್ತನಾಳದಲ್ಲಿ ಈ ಬೆಸುಗೆ ಕಮ್ಮಿ ಆಯ್ತು ಅಂತ ತೋರಿಸಿದ್ರು. ಆಲ್ಟಿಯಾನ್ ಅನ್ನೋ ಕಂಪನಿ ಅದನ್ನ ಔಷಧಿ ಮಾಡೋಕೆ ಹೊರಟಿತು. ಆಮೇಲೆ ಕಿಡ್ನಿ ತೊಂದ್ರೆ ಶುರುವಾಗಿದ್ದ 690 ಜನ ಟೈಪ್ 1 (ಮೈಯಲ್ಲಿ ಇನ್ಸುಲಿನ್ನೇ ತಯಾರಾಗದ ಥರದ ಶುಗರ್) ಪೇಷೆಂಟ್‌ಗಳ ಮೇಲೆ ಟ್ರಯಲ್ ಆಯ್ತು. ಕ್ರಿಯಾಟಿನಿನ್ (ಕಿಡ್ನಿ ಸೋತ ಹಾಗೆ ರಕ್ತದಲ್ಲಿ ಏರೋ ಕಸ) ಡಬಲ್ ಆಗೋದು ತಪ್ಪತ್ತಾ ಅನ್ನೋದು ಮುಖ್ಯ ಪ್ರಶ್ನೆ. ಡಮ್ಮಿ ಮಾತ್ರೆ ತಗೊಂಡೋರಲ್ಲಿ 26 ಪರ್ಸೆಂಟ್ ಜನಕ್ಕೆ ಡಬಲ್ ಆಯ್ತು, ಔಷಧಿ ತಗೊಂಡೋರಲ್ಲಿ 20 ಪರ್ಸೆಂಟ್. ನೋಡೋಕೆ ಚೆನ್ನಾಗಿದೆ ಆದ್ರೆ ಈ ವ್ಯತ್ಯಾಸ ಆಕಸ್ಮಿಕವಾಗಿ ಬಂದಿದ್ದಲ್ಲ ಅಂತ ಲೆಕ್ಕದ ಪ್ರಕಾರ ಖಚಿತ ಆಗ್ಲಿಲ್ಲ. ಯೂರಿನ್ ಪ್ರೋಟೀನ್ ಮಾತ್ರ ಇಳಿದಿತ್ತು, ಜಾಸ್ತಿ ಡೋಸ್ ತಗೊಂಡ ಮೂರು ಜನಕ್ಕೆ ಕಿಡ್ನೀಲೇ ಬೇರೆ ಥರ ಉರಿಯೂತ ಬಂತು. ಟೈಪ್ 2 (ದೊಡ್ಡೋರಲ್ಲಿ ಸಾಮಾನ್ಯವಾಗಿ ಕಾಣೋ ಶುಗರ್) ಇರೋರ ಟ್ರಯಲನ್ನ ಅರ್ಧಕ್ಕೇ ನಿಲ್ಲಿಸಿದ್ರು. ಬರೀ ಯೂರಿನ್ ಪ್ರೋಟೀನ್ ನಂಬರ್ ನೋಡಿದ್ದಿದ್ರೆ ಇದು ಗೆದ್ದ ಔಷಧಿ.

ಅದೇ ಕಂಪನಿದು ಇನ್ನೊಂದು, ಅಲಾಜಿಬ್ರಿಯಂ. ಇದು ಆಗ್ಲೇ ಆಗಿರೋ ಬೆಸುಗೆ ಒಡೆಯತ್ತೆ ಅಂದ್ರು. 2001ರಲ್ಲಿ ರಕ್ತನಾಳ ಗಟ್ಟಿಯಾಗಿದ್ದ 93 ಜನ ವಯಸ್ಸಾದೋರ ಮೇಲೆ ಎಂಟು ವಾರ ಟ್ರಯಲ್ ಮಾಡಿದ್ರು, ರಕ್ತನಾಳ ಸ್ವಲ್ಪ ಮೆತ್ತಗಾಯ್ತು ಅಂತ ಬಂತು. ಎಂಟು ವಾರ! ಯಾರಿಗೆ ಹಾರ್ಟ್ ಅಟ್ಯಾಕ್ ತಪ್ತು, ಯಾರು ಜಾಸ್ತಿ ದಿನ ಬದುಕಿದ್ರು ಅಂತ ಎಂಟು ವಾರದಲ್ಲಿ ಹೇಗ್ರೀ ಗೊತ್ತಾಗತ್ತೆ. ಮುಂದೆ ಹಾರ್ಟ್ ಫೇಲ್ಯೂರ್ ಇರೋ 102 ಜನರ ಮೇಲೆ ಮಾಡಿದ ಟ್ರಯಲ್ 2011ರಲ್ಲಿ ಪ್ರಿಂಟ್ ಆಯ್ತು, ಅವರ ದೇಹದ ತ್ರಾಣ ಏನೂ ಸುಧಾರಿಸಿರ್ಲಿಲ್ಲ, ಅಷ್ಟೊತ್ತಿಗಾಗ್ಲೇ ಕಂಪನಿ ದುಡ್ಡಿಲ್ದೆ ಬಾಗಿಲು ಹಾಕೋ ಸ್ಥಿತಿಗೆ ಬಂದಿತ್ತು. ಎಜಿಇ ಥಿಯರಿ ಸುಳ್ಳು ಅಂತ ಇದರಿಂದ ಪ್ರೂವ್ ಆಗಲ್ಲ, ಥಿಯರಿ ಚೆನ್ನಾಗಿದೆ ಅನ್ನೋದೇ ಔಷಧಿ ಕೆಲಸ ಮಾಡತ್ತೆ ಅನ್ನೋಕೆ ಸಾಕ್ಷಿ ಆಗಲ್ಲ ಅಷ್ಟೇ. ಈಗ್ಲೂ "ಆಂಟಿ ಗ್ಲೈಕೇಶನ್" ಅಂತ ಡಬ್ಬಿ ಮೇಲೆ ಬರ್ಕೊಂಡು ಮಾರೋರನ್ನ ಕಂಡ್ರೆ ನಂಗೆ ಮೈ ಉರಿಯತ್ತೆ.

ಶುಗರ್ ನಂಬರ್ ಕಥೇನೂ ಹೀಗೇ ಸ್ವಲ್ಪ ಮೋಸ. 1993ರಲ್ಲಿ ಮುಗಿದ ಡಿಸಿಸಿಟಿ ಟ್ರಯಲಲ್ಲಿ 1441 ಜನ ಟೈಪ್ 1 ಇರೋರಲ್ಲಿ ಎಚ್‌ಬಿಎ1ಸಿ 9ರ ಬದಲು 7ರ ಹತ್ರ ಇಟ್ಟಿದ್ದಕ್ಕೆ ಕಣ್ಣಿನ ರೆಟಿನಾ ತೊಂದ್ರೆ ಶುರುವಾಗೋ ರಿಸ್ಕ್ 76 ಪರ್ಸೆಂಟ್ ಇಳೀತು, ಅದು ದೊಡ್ಡ ಗೆಲುವು, ಲೋ ಶುಗರ್ ಆಗಿ ಬೀಳೋದು ಮಾತ್ರ ಮೂರು ಪಟ್ಟು ಆಯ್ತು. ಹಾಗಾದ್ರೆ ಇನ್ನೂ ಇಳಿಸೋಣ ಅಂತ ಅಕಾರ್ಡ್ ಟ್ರಯಲಲ್ಲಿ ಹಾರ್ಟ್ ರಿಸ್ಕ್ ಇರೋ ಹತ್ತು ಸಾವಿರಕ್ಕೂ ಜಾಸ್ತಿ ಟೈಪ್ 2 ಜನರಲ್ಲಿ ಅರ್ಧ ಜನಕ್ಕೆ 6ಕ್ಕಿಂತ ಕೆಳಗೆ ತರೋಕೆ ಹೋದ್ರು, ಆ ಗುಂಪಲ್ಲಿ 257 ಸಾವು, ಸಾಮಾನ್ಯ ಟ್ರೀಟ್‌ಮೆಂಟ್ ಗುಂಪಲ್ಲಿ 203, ಕೊನೆಗೆ 2008ರಲ್ಲಿ ಅದನ್ನ ನಿಲ್ಲಿಸ್ಬೇಕಾಯ್ತು. ನಂಬರ್ ಚೆನ್ನಾಗಿ ಇಳಿದಿತ್ತು, ನೆನಪಿರ್ಲಿ.

ಪರ್ಸೆಂಟ್ ಕಂಡ್ರೆ ಸಾವಿರಕ್ಕೆ ಎಷ್ಟು ಅಂತ ಕೇಳಿ

"30 ಪರ್ಸೆಂಟ್ ಕಮ್ಮಿ" ಅಂದ್ರೆ ಯಾವುದರಲ್ಲಿ 30? ಕೆನಾಗ್ಲಿಫ್ಲೋಜಿನ್ ಅನ್ನೋ ಶುಗರ್ ಮಾತ್ರೆ ಮೇಲೆ 2019ರಲ್ಲಿ ಬಂದ ಕ್ರೆಡೆನ್ಸ್ ಟ್ರಯಲ್ ನಿಜವಾಗ್ಲೂ ಒಳ್ಳೇ ಸುದ್ದಿ. ಅದರ ಮುಖ್ಯ ಲೆಕ್ಕ ಕಿಡ್ನಿ ಫೇಲ್, ಕ್ರಿಯಾಟಿನಿನ್ ಡಬಲ್, ಕಿಡ್ನಿ ಅಥವಾ ಹಾರ್ಟಿಂದ ಸಾವು ಎಲ್ಲಾ ಸೇರಿ, ಅದ್ರಲ್ಲಿ 30 ಪರ್ಸೆಂಟ್ ಇಳಿಕೆ. ಸಾವಿರ ಜನ ಒಂದು ವರ್ಷ ತಗೊಂಡ್ರೆ ಅಂತ ಲೆಕ್ಕ ಹಾಕಿದ್ರೆ ಸುಮಾರು 61 ಜನಕ್ಕೆ ಆಗ್ತಿದ್ದಿದ್ದು 43ಕ್ಕೆ ಇಳೀತು, ಅಂದ್ರೆ 18 ಜನ ಬಚಾವ್. ಈ 18 ಬಂದಿದ್ದು ಆಗ್ಲೇ ಯೂರಿನಲ್ಲಿ ಪ್ರೋಟೀನ್ ಜೋರಾಗಿ ಹೋಗ್ತಿದ್ದ ಟೈಪ್ 2 ಪೇಷೆಂಟ್‌ಗಳಲ್ಲಿ. ಕಿಡ್ನಿ ಚೆನ್ನಾಗಿರೋರಿಗೆ ಈ ಲೆಕ್ಕ ಹಾಗೇ ಹಚ್ಚೋಕೆ ಬರಲ್ಲ.

ಮುಪ್ಪಿನ ಸುದ್ದಿ ಆದ್ರೆ ಇನ್ನೂ ಹುಷಾರು

ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ಮಾತ್ರೆ ತಗೊಂಡ್ರೆ ಆಯಸ್ಸು ಜಾಸ್ತಿ ಅಂತ ಕೇಳಿರ್ತೀರಿ. 2014ರಲ್ಲಿ ಬ್ರಿಟನ್ನಿನ ಪೇಷೆಂಟ್ ದಾಖಲೆ ನೋಡಿ, ಮೆಟ್‌ಫಾರ್ಮಿನ್ ಶುರು ಮಾಡಿದ ಶುಗರ್ ಪೇಷೆಂಟ್‌ಗಳು ಶುಗರ್ ಇಲ್ದೋರಿಗಿಂತ ಸ್ವಲ್ಪ ಜಾಸ್ತೀನೇ ಬದುಕಿದಾರೆ ಅಂತ ಬರೆದ್ರು. ಇದು ಬರೀ ದಾಖಲೆ ನೋಡಿ ಹೇಳಿದ್ದು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಕೊಟ್ಟು ನೋಡಿದ್ದಲ್ಲ. ಬರೀ ಮೆಟ್‌ಫಾರ್ಮಿನಲ್ಲೇ ಶುಗರ್ ಹಿಡಿತಕ್ಕೆ ಬರೋರು ಕಾಯಿಲೆ ಮೊದಲ ಹಂತದಲ್ಲಿರೋರು, ಕಿಡ್ನಿ ತೀರಾ ಹಾಳಾಗಿರೋರಿಗೆ ಆ ಮಾತ್ರೆ ಕೊಡೋದೇ ಇಲ್ಲ, ಹಾಗಾಗಿ ಶುರುವಲ್ಲೇ ಗಟ್ಟಿ ಆಳುಗಳೇ ಆ ಕಡೆ ಸೇರ್ಕೊಂಡಿರ್ತಾರೆ. ಶುಗರ್ ಇಲ್ದೆ ಇರೋ 65ರಿಂದ 79 ವಯಸ್ಸಿನ 3000 ಜನಕ್ಕೆ ಕೊಟ್ಟು ನೋಡೋಣ ಅಂತ ಅಮೆರಿಕದಲ್ಲಿ ಮುಪ್ಪಿನ ಬಗ್ಗೆ ರಿಸರ್ಚ್ ಮಾಡೋ ನೀರ್ ಬಾರ್ಜಿಲಾಯ್ ಅವರ ಟೇಮ್ ಟ್ರಯಲ್ ಪ್ಲಾನ್ ವರ್ಷಗಳಿಂದ ಇದೆ, ಮಾತ್ರೆ ಅಗ್ಗದ್ದು, ಲಾಭ ಮಾಡೋ ಕಂಪನಿ ಇಲ್ಲ, ಫಂಡಿಂಗಿಗೇ ಪರದಾಟ.

ನಮ್ಮ ಕಡೆ ಇದಕ್ಕೆ ಸಂಬಂಧ ಪಟ್ಟಂತೆ ಒಂದು ಗಂಭೀರ ಕೆಲಸ ನಡೀತಿದೆ, ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದೋರನ್ನ ಐಐಎಸ್‌ಸಿಯ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ವರ್ಷಗಟ್ಟಲೆ ಫಾಲೋ ಮಾಡ್ತಿದಾರೆ, ಯಾರಿಗೆ ಯಾಕೆ ಮರೆವು ಬರತ್ತೆ ಅಂತ ನೋಡೋಕೆ. ಸ್ಯಾನ್ಸ್‌ಕಾಗ್ ಅಂತ ಹೆಸರು. ಮಾತ್ರೆ ಕೊಟ್ಟು ನೋಡೋದಲ್ಲ ಇದು, ಬರೀ ಗಮನಿಸೋದು, ಆದ್ರೂ ಬಿಳೀ ಜನರ ಡೇಟಾ ತಂದು ನಮಗೆ ಹಚ್ಚೋದಕ್ಕಿಂತ ಎಷ್ಟೋ ಮೇಲು.

ಹುಡುಕೋದು ಎಲ್ಲಿ

ಸುದ್ದೀಲಿ ಔಷಧಿ ಹೆಸರು ಸಿಕ್ರೆ ಪಬ್‌ಮೆಡ್‌ನಲ್ಲಿ (ಮೆಡಿಕಲ್ ಪೇಪರ್‌ಗಳನ್ನ ಹುಡುಕೋ ಸೈಟು) ಹಾಕಿ, ಅಬ್‌ಸ್ಟ್ರಾಕ್ಟ್ ಅಂದ್ರೆ ಪೇಪರಿನ ಸಾರಾಂಶ ಫ್ರೀ ಇರತ್ತೆ, "ಪ್ರೈಮರಿ ಔಟ್‌ಕಮ್" ಅಂದ್ರೆ ಟ್ರಯಲಿನ ಮುಖ್ಯ ಪ್ರಶ್ನೆ ಅನ್ನೋ ಕಡೆ ಏನಿದೆ ಅಂತ ಮೊದಲು ಓದಿ ಆಮೇಲೆ ಉಳಿದಿದ್ದು. ಇಂಡಿಯಾದಲ್ಲಿ ಟ್ರಯಲ್ ನಡೀತಿದೆ ಅಂದ್ರೆ ಸಿಟಿಆರ್‌ಐ (ನಮ್ಮ ದೇಶದ ಟ್ರಯಲ್‌ಗಳನ್ನ ನೋಂದಾಯಿಸೋ ಸರ್ಕಾರಿ ಪಟ್ಟಿ) ಸೈಟಲ್ಲಿ ಇರ್ಲೇಬೇಕು, 2009ರ ಜೂನಿಂದ ಔಷಧಿ ಟ್ರಯಲ್‌ಗಳಿಗೆ ರಿಜಿಸ್ಟ್ರೇಷನ್ ಕಡ್ಡಾಯ. ಎಷ್ಟು ಜನ, ಯಾವ ಆಸ್ಪತ್ರೆ, ದುಡ್ಡು ಯಾರದ್ದು, ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಎಲ್ಲಾ ಅಲ್ಲೇ ಇರತ್ತೆ. ಮುಖ್ಯ ಪ್ರಶ್ನೆ ಶುರುವಲ್ಲಿ ಒಂದಿದ್ದು ಪೇಪರಲ್ಲಿ ಇನ್ನೊಂದಾಗಿದ್ರೆ ಅಲ್ಲೇ ಅನುಮಾನ ಪಡಿ.

ಇಷ್ಟೆಲ್ಲಾ ಓದಿದ ಮೇಲೆ ಆ ಔಷಧಿ ನಿಮ್ಮವರಿಗೆ ಹೊಂದತ್ತಾ ಅಂತ ಡಾಕ್ಟರ್ ಹತ್ರ ಕೇಳೋಕೆ ಹೋಗೋದಾದ್ರೆ ಫಾರ್ವರ್ಡ್ ತೋರ್ಸ್ಬೇಡಿ, ರಿಪೋರ್ಟ್ ತಗೊಂಡೋಗಿ. ಎಚ್‌ಬಿಎ1ಸಿ ಒಂದೇ ಸಾಲದು, ಯೂರಿನ್ ಎಸಿಆರ್ (ಯೂರಿನಲ್ಲಿ ಎಷ್ಟು ಪ್ರೋಟೀನ್ ಹೋಗ್ತಿದೆ ಅನ್ನೋ ಟೆಸ್ಟು, 30ಕ್ಕಿಂತ ಕೆಳಗಿದ್ರೆ ಸರಿ, 300 ದಾಟಿದ್ರೆ ಜೋರು), ಇಜಿಎಫ್‌ಆರ್ (ಕಿಡ್ನಿ ರಕ್ತ ಎಷ್ಟು ಸೋಸ್ತಿದೆ ಅನ್ನೋ ಲೆಕ್ಕ), ವರ್ಷಕ್ಕೊಂದು ಸಲ ಕಣ್ಣಿಗೆ ಡ್ರಾಪ್ಸ್ ಹಾಕಿ ರೆಟಿನಾ ನೋಡಿರೋದು, ಪಾದಕ್ಕೆ ನೈಲಾನ್ ಎಳೆ ತಾಗಿಸಿ ಸ್ಪರ್ಶ ಗೊತ್ತಾಗತ್ತಾ ಅಂತ ಮಾಡೋ ಟೆಸ್ಟು, ಇವಿಲ್ದೆ ಯಾವ ರಿಸರ್ಚ್ ನಿಮಗೆ ಸಂಬಂಧ ಪಡತ್ತೆ ಅಂತ ಅವರಿಗೂ ಹೇಳೋಕೆ ಬರಲ್ಲ. ಎಸಿಆರ್ ಟೆಸ್ಟನ್ನ ನೀವಾಗೇ ಕೇಳ್ಬೇಕಾಗ್ಬೋದು, ಕೇಳೋಕೆ ಸಂಕೋಚ ಬೇಡ.

ಇನ್ನು ಟ್ರಯಲ್‌ಗೇ ಸೇರ್ಕೊಳ್ಳಿ ಅಂತ ಯಾರಾದ್ರೂ ಕರೆದ್ರೆ, ಸೇರೋದು ಬಿಡೋದು ನಿಮ್ಮಿಷ್ಟ, ಮಧ್ಯದಲ್ಲಿ ಬಿಟ್ರೂ ಮಾಮೂಲಿ ಟ್ರೀಟ್‌ಮೆಂಟ್ ನಿಲ್ಲಿಸೋ ಹಾಗಿಲ್ಲ. ಟ್ರಯಲಿಂದ ತೊಂದ್ರೆ ಆದ್ರೆ ಫ್ರೀ ಚಿಕಿತ್ಸೆ ಮತ್ತೆ ಪರಿಹಾರದ ವಿಷಯ 2019ರ ಕ್ಲಿನಿಕಲ್ ಟ್ರಯಲ್ ರೂಲ್ಸಲ್ಲೇ ಇದೆ, ಫಾರಂನಲ್ಲಿ ಅದು ಎಲ್ಲಿ ಬರೆದಿದೆ ಅಂತ ಬೆರಳಿಟ್ಟು ತೋರ್ಸಿ ಅನ್ನಿ. ಒಪ್ಪಿಗೆ ಫಾರಂ ನಿಮಗೆ ಗೊತ್ತಿರೋ ಭಾಷೇಲೇ ಕೊಡ್ಬೇಕು, ಇಂಗ್ಲಿಷ್ ಫಾರಂ ಮುಂದಿಟ್ಟು "ಇಲ್ಲೊಂದು ಸೈನ್ ಹಾಕಿ ಯಜಮಾನ್ರೇ" ಅಂದ್ರೆ ಕನ್ನಡದ್ದು ಕೊಡಿ ಅಂತ ಕೇಳಿ ಇಸ್ಕೊಳ್ಳಿ, ಮನೆಗೆ ತಗೊಂಡೋಗಿ ಮಕ್ಕಳ ಹತ್ರಾನೂ ಓದ್ಸಿ, ಮಾರನೇ ದಿನ ಹೋಗಿ ಸೈನ್ ಹಾಕಿದ್ರೂ ಏನೂ ಆಗಲ್ಲ.