ಕ್ಲಾಸ್‌ರೂಮಿನಲ್ಲೇ ಹವಾಮಾನ ಶೃಂಗಸಭೆ ನಡೆಸುವ ನನ್ನ ಅನುಭವ
ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ರಿಯೊ 1992, ಕ್ಯೋಟೊ 1997, ಪ್ಯಾರಿಸ್ 2015 ಎಂದು ಹವಾಮಾನ ಒಪ್ಪಂದಗಳ ಊರು, ವರ್ಷ ಬರೆಸಿದರೆ ಪರೀಕ್ಷೆಗೆ ಸಾಕು. ಆದರೆ ದೇಶಗಳು ಯಾಕೆ ಒಪ್ಪುವುದಿಲ್ಲ ಎಂದು ತಿಳಿಯಬೇಕಾದರೆ ಮಕ್ಕಳೇ ಕೂತು ಚೌಕಾಸಿ ಮಾಡಬೇಕು, ಅಲ್ವಾ?

ನಾನು ಬಳಸುವುದು ‘ವರ್ಲ್ಡ್ ಕ್ಲೈಮೇಟ್’ ಎಂಬ ಅಣಕು ಶೃಂಗಸಭೆ. ಅದರ ಜೊತೆಗಿರುವ ಸಿ-ರೋಡ್ಸ್ ಎಂಬ, ಭೂಮಿ ಎಷ್ಟು ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಯನ್ನು ಕ್ಲೈಮೇಟ್ ಇಂಟರಾಕ್ಟಿವ್ ಸಂಸ್ಥೆ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೇರಿ ಮಾಡಿದ್ದಾರೆ. ದುಡ್ಡು ಕೊಡಬೇಕಿಲ್ಲ. ಅಮೆರಿಕ, ಯುರೋಪಿಯನ್ ಒಕ್ಕೂಟ, ಉಳಿದ ಶ್ರೀಮಂತ ದೇಶಗಳು, ಚೀನಾ, ಭಾರತ, ಉಳಿದ ಬಡ ದೇಶಗಳು ಎಂದು ಆರು ಗುಂಪು. ಇಂಗಾಲದ ಹೊರಸೂಸುವಿಕೆ ಯಾವ ವರ್ಷದಿಂದ ಇಳಿಯುತ್ತದೆ, ವರ್ಷಕ್ಕೆ ಶೇಕಡಾ ಎಷ್ಟು, ಕಾಡು ಎಷ್ಟು ಉಳಿಸುತ್ತೀರಿ, ಬಡ ದೇಶಗಳಿಗೆ ನೆರವಾಗುವ ಹಸಿರು ನಿಧಿಗೆ ಎಷ್ಟು ಕೊಡುತ್ತೀರಿ ಅಥವಾ ಎಷ್ಟು ಬೇಕು ಎಂದು ಪ್ರತಿ ಗುಂಪೂ ಬರೆದುಕೊಡಬೇಕು.

ಪ್ರತಿ ಗುಂಪಿಗೂ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಬರೆದುಕೊಡುತ್ತೇನೆ. ಭಾರತದ ಪುಟದಲ್ಲಿ 2070ರ ನೆಟ್ ಝೀರೋ ಗುರಿ, ಅಂದರೆ ಹೊರಬಿಟ್ಟಷ್ಟನ್ನೂ ವಾಪಸ್ ಹೀರಿಕೊಳ್ಳುವ ಗುರಿ ಇದೆ. ತಲಾ ಹೊರಸೂಸುವಿಕೆ ಜಗತ್ತಿನ ಸರಾಸರಿಗಿಂತ ಕಡಿಮೆ ಎಂಬುದೂ ಇದೆ. ಇದುವರೆಗೆ ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಹೊರಬಿದ್ದ ಇಂಗಾಲದಲ್ಲಿ ಸುಮಾರು ಕಾಲು ಭಾಗ ಅಮೆರಿಕದ್ದು ಎಂದು ಅಮೆರಿಕದ ಪುಟ ಹೇಳುತ್ತದೆ. ಎಲ್ಲರಿಗೂ ಭಾರತವೇ ಬೇಕು. ಜೋರಾಗಿ ವಾದಿಸುವವರನ್ನು ಬೇಕೆಂದೇ ಅಮೆರಿಕದ ಮೇಜಿಗೆ ಕಳಿಸುತ್ತೇನೆ. ಶ್ರೀಮಂತರಿಗೆ ಮೇಜು, ಬಿಸ್ಕತ್ತು. ಬಡ ದೇಶಗಳು ನೆಲದ ಮೇಲೆ. ಸ್ವಲ್ಪ ಹೊತ್ತಿನಲ್ಲೇ ನೆಲದಿಂದ ತಕರಾರು ಏಳುತ್ತದೆ. ಅದೇ ನನಗೆ ಬೇಕಾದದ್ದು.

ಮೊದಲ ಸುತ್ತಿನಲ್ಲಿ ಶ್ರೀಮಂತ ದೇಶಗಳು ಕಡಿಮೆ ಮಾಡಿದರೆ ಸಾಕು ಎಂದೇ ಹೆಚ್ಚಿನವರು ವಾದಿಸುತ್ತಾರೆ. ಸರಿ, ಅದನ್ನೇ ಸಿ-ರೋಡ್ಸ್‌ಗೆ ಹಾಕುತ್ತೇನೆ. ತಾಪಮಾನದ ಗೆರೆ ಪ್ಯಾರಿಸ್ ಒಪ್ಪಂದದ 2 ಡಿಗ್ರಿ ಮಿತಿ ದಾಟಿ ಮೇಲೇರುತ್ತಲೇ ಇರುತ್ತದೆ. ಮುಂದಿನ ದಶಕಗಳಲ್ಲಿ ಹೊರಸೂಸುವಿಕೆಯ ಏರಿಕೆ ಜಾಸ್ತಿ ಬರುವುದು ಬೆಳೆಯುತ್ತಿರುವ ದೇಶಗಳಿಂದಲೇ. ತಪ್ಪು ಒಬ್ಬರದು, ಕೆಲಸ ಎಲ್ಲರದು ಎಂಬ ಈ ಸಂಕಟ ಆಗಲೇ ಮಕ್ಕಳಿಗೆ ತಟ್ಟುತ್ತದೆ. ‘ಕಲ್ಲಿದ್ದಲು ಬಿಡ್ತೀವಿ, ಸೋಲಾರ್‌ಗೆ ದುಡ್ಡು ಕೊಡಿ’ ಎಂದು ನೆಲದವರು ಕೇಳಲು ಶುರು ಮಾಡುತ್ತಾರೆ.

ಇಲ್ಲಿ ಆಟ ನಿಲ್ಲಿಸಿ ನಿಜವಾಗಿ ನಡೆದದ್ದನ್ನು ಹೇಳುತ್ತೇನೆ. 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಎಂದು ಶ್ರೀಮಂತ ದೇಶಗಳು 2009ರ ಶೃಂಗಸಭೆಯಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟರು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಲೆಕ್ಕದಲ್ಲೇ ಅದು ಮೊದಲು ಮುಟ್ಟಿದ್ದು 2022ರಲ್ಲಿ. 2024ರಲ್ಲಿ ಅಜರ್‌ಬೈಜಾನಿನ ಬಾಕು ಶೃಂಗಸಭೆಯಲ್ಲಿ ಬಡ ದೇಶಗಳು ಕೇಳಿದ್ದು ವರ್ಷಕ್ಕೆ 1.3 ಟ್ರಿಲಿಯನ್, ಅಂದರೆ 1,300 ಬಿಲಿಯನ್. 2035ರ ಹೊತ್ತಿಗೆ ಕೊಡುತ್ತೇವೆ ಎಂದದ್ದು 300 ಬಿಲಿಯನ್. ನೆಲದ ಮೇಲೆ ಕೂತು ಕೇಳಿದವರಿಗೆ ಈ ಅಂಕಿಗಳನ್ನು ಬಾಯಿಪಾಠ ಮಾಡಿಸುವ ಅಗತ್ಯವೇ ಬೀಳುವುದಿಲ್ಲ.

‘ವೋಟಿಗೆ ಹಾಕಿ ಸಾರ್’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹಾಗೆ ಆಗುವುದಿಲ್ಲ. ಈ ಸಭೆಗಳಿಗೆಲ್ಲ ಮೂಲವಾದ 1992ರ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ 198 ಸದಸ್ಯರಿದ್ದಾರೆ. ಮತದಾನದ ನಿಯಮಕ್ಕೆ ಇವತ್ತಿಗೂ ಒಪ್ಪಿಗೆ ಸಿಕ್ಕಿಲ್ಲ. ಹಾಗಾಗಿ ಯಾರೂ ಬಲವಾಗಿ ಬೇಡ ಅನ್ನದಿದ್ದಾಗ ಅಧ್ಯಕ್ಷರು ಸುತ್ತಿಗೆ ಬಡಿದು ತೀರ್ಮಾನ ಆಯಿತು ಎನ್ನುತ್ತಾರೆ. ಬಾಕುವಿನಲ್ಲಿ ಸುತ್ತಿಗೆ ಬಿದ್ದ ಮೇಲೆ ಭಾರತದ ಪ್ರತಿನಿಧಿ ಚಾಂದನಿ ರೈನಾ ಎದ್ದು ಕಟುವಾಗಿ ಆಕ್ಷೇಪಿಸಿದರು, ತೀರ್ಮಾನ ಬದಲಾಗಲಿಲ್ಲ. ಅದಕ್ಕೇ ಅಧ್ಯಕ್ಷತೆ ವಹಿಸುವ ವಿದ್ಯಾರ್ಥಿಗೂ ಒಂದು ಮರದ ಸುತ್ತಿಗೆ ಕೊಡುತ್ತೇನೆ. ಉಳಿದವರ ಕಣ್ಣು ಆ ಕೈ ಮೇಲೇ ಇರುತ್ತದೆ.

ಆಟದಷ್ಟೇ ಹೊತ್ತು ಕೊನೆಯ ಚರ್ಚೆಗೂ ಇಡಿ, ಅದನ್ನು ಮೊಟಕು ಮಾಡಬೇಡಿ. ಒಮ್ಮೆ ಕೊಡಗಿನ ಹುಡುಗಿಯೊಬ್ಬಳು ಕೇಳಿದಳು: 2018ರಲ್ಲಿ ಗುಡ್ಡ ಕುಸಿದು ನಮ್ಮೂರಲ್ಲಿ ತೋಟ ಹೋದವು, ಅಂಥದ್ದು ಈ ಲೆಕ್ಕದಲ್ಲಿ ಎಲ್ಲಿದೆ? ಸಿ-ರೋಡ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ಅಂಥ ನಷ್ಟಕ್ಕೆಂದೇ ಒಂದು ನಿಧಿ ಬೇಕು ಎಂದು ದ್ವೀಪ ದೇಶಗಳು ದಶಕಗಳ ಕಾಲ ಹಟ ಹಿಡಿದವು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ, ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ. ಈಗ ಇದಕ್ಕೆಂದೇ ಬೇರೆ ಸುತ್ತು ಇಟ್ಟಿದ್ದೇನೆ. ಯಾರು ಕೊಡಬೇಕು, ಯಾರಿಗೆ ಮೊದಲು, ನಷ್ಟಕ್ಕೆ ಮಳೆ ಎಷ್ಟು ಕಾರಣ, ಗುಡ್ಡ ಕಡಿದದ್ದು ಎಷ್ಟು ಕಾರಣ? ಕಂಪ್ಯೂಟರ್ ಆಫ್ ಮಾಡಿಯೇ ಆ ಸುತ್ತು ನಡೆಸುತ್ತೇವೆ.