ಹಾರ್ಟ್ ಸರಿಯಾಯಿತು, ಕ್ರಿಯೇಟಿನಿನ್ ಯಾಕೆ ಏರಿತು?

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 62. ಎರಡು ವರ್ಷದಿಂದ ನಾಡಿ ತಾಳ ತಪ್ಪಿ ಓಡುತ್ತಿತ್ತು. ನಮ್ಮ ಡಾಕ್ಟರುಗಳ ಭಾಷೆಯಲ್ಲಿ ಏಟ್ರಿಯಲ್ ಫಿಬ್ರಿಲೇಷನ್. ಬೆಂಗಳೂರಿಗೆ ಹೋಗಿ ಅಬ್ಲೇಷನ್ (ತಂತಿ ತೂರಿಸಿ ಹಾರ್ಟಿನ ತಪ್ಪು ಕರೆಂಟಿನ ದಾರಿ ಮುಚ್ಚುವ ಚಿಕಿತ್ಸೆ) ಮಾಡಿಸಿಕೊಂಡು, ಹತ್ತನೇ ದಿನ ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಬಂದರು. ಕೂರುವ ಮೊದಲೇ "ಡಾಕ್ಟ್ರೇ, ಹಾರ್ಟಿನ ಕರೆಂಟ್ ರಿಪೇರಿ ಆತು ನೋಡ್ರಿ" ಅಂತ ಕೈ ಚಾಚಿದರು. ನಾಡಿ ಹಿಡಿದೆ. 72, ಒಂದು ಬಡಿತವೂ ತಪ್ಪಿಲ್ಲ. ಖುಷಿಯಾಯಿತು. ರಕ್ತದ ರಿಪೋರ್ಟ್ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ. ಹೋಗುವ ಮುಂಚೆ 1.5 ಇದ್ದ ಕ್ರಿಯೇಟಿನಿನ್ 1.9 ಆಗಿತ್ತು. ಇದು ಕಿಡ್ನಿ ಸೋಸಿ ಹೊರಹಾಕುವ ಕಸ, ಕಿಡ್ನಿ ಸೋತರೆ ರಕ್ತದಲ್ಲಿ ಏರುತ್ತದೆ.

ನನಗೆ ಮೊದಲು ಅನುಮಾನ ಬಂದದ್ದು ಸಿಟಿ ಸ್ಕ್ಯಾನಿಗೆ ಕೊಟ್ಟ ಡೈ ಮೇಲೆ. ಆದರೆ ಅದರಿಂದ ಏರಿದ್ದರೆ ಎರಡು ಮೂರು ದಿನದಲ್ಲೇ ಏರಿ, ಇಷ್ಟರಲ್ಲಿ ಇಳಿಯುತ್ತಾ ಇರಬೇಕಿತ್ತು. ಪಲ್ಸ್ಡ್ ಫೀಲ್ಡ್ ಅನ್ನೋ ಹೊಸ ಅಬ್ಲೇಷನ್ ವಿಧಾನದಲ್ಲಿ ಕೆಲವೊಮ್ಮೆ ಕೆಂಪು ರಕ್ತಕಣಗಳು ಒಡೆದು ಕಿಡ್ನಿಗೆ ತೊಂದರೆ ಆಗುತ್ತದೆ, ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗುತ್ತದೆ. ಇವರಿಗೆ ಅದಲ್ಲ, ಬಿಸಿಯಿಂದ ಸುಡುವ ಹಳೆಯ ವಿಧಾನ. ಮೂತ್ರದ ಬಣ್ಣವೂ ಸರಿಯಿತ್ತು.

ಆಗ ಅವರ ಹೆಂಡತಿ ಬ್ಯಾಗಿನಿಂದ ಅರ್ಧ ಖಾಲಿಯಾದ ಮಾತ್ರೆ ಪಟ್ಟಿ ತೆಗೆದರು. ಡೈಕ್ಲೋಫಿನಾಕ್, ಕಿಡ್ನಿಗೆ ಪೆಟ್ಟು ಕೊಡಬಲ್ಲ ನೋವಿನ ಮಾತ್ರೆ. "ಬಸ್ಸಿನ್ಯಾಗ ಕೂತು ಮಂಡಿ ಹಿಡ್ಕಂಡಿತ್ರಿ, ಮೆಡಿಕಲ್ ಶಾಪಿನ್ಯಾಗ ಕೊಟ್ರು." ದಿನಕ್ಕೆ ಎರಡು, ಎಂಟು ದಿನ. ಮೇಲೆ ಏಪ್ರಿಲ್ ಬಿಸಿಲು. ಪದೇ ಪದೇ ಬಾತ್‌ರೂಮಿಗೆ ಏಳಬೇಕಲ್ಲ ಅಂತ ನೀರೂ ಕಡಿಮೆ ಮಾಡಿದ್ದರು. ರಕ್ತ ತೆಳು ಮಾಡುವ ಮಾತ್ರೆ ಜೊತೆ ಇದನ್ನು ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದಿತ್ತು. ಬೆಂಗಳೂರಿಗೆ ಕಳಿಸುವಾಗ ಒಂದು ಹಾಳೆ ತುಂಬ ಸೂಚನೆ ಬರೆದುಕೊಟ್ಟಿದ್ದೆ. ನೋವಿನ ಮಾತ್ರೆ ಬಗ್ಗೆ ಒಂದು ಸಾಲೂ ಇರಲಿಲ್ಲ. ತಪ್ಪು ನನ್ನದೇ.

ಆ ದಿನ ರಕ್ತ ತೆಳುವಿನ ಮಾತ್ರೆಯ ಡೋಸ್ ಇಳಿಸಿಬಿಡೋಣ ಅಂತ ಕೈ ತುರಿಸಿದ್ದು ನಿಜ. ಅವರದು ಅಪಿಕ್ಸಬಾನ್. ವಯಸ್ಸು 80 ಅಥವಾ ಜಾಸ್ತಿ, ತೂಕ 60 ಕೆಜಿ ಅಥವಾ ಕಡಿಮೆ, ಕ್ರಿಯೇಟಿನಿನ್ 1.5 ಅಥವಾ ಜಾಸ್ತಿ. ಈ ಮೂರರಲ್ಲಿ ಎರಡಾದರೂ ಇದ್ದರೆ ಮಾತ್ರ ಡೋಸ್ ಇಳಿಸಬೇಕು. ಇವರಿಗೆ ಇದ್ದದ್ದು ಒಂದೇ. ಅಬ್ಲೇಷನ್ ಆದ ಮೊದಲ ಎರಡು ತಿಂಗಳು ರಕ್ತ ಹೆಪ್ಪುಗಟ್ಟಿ ಸ್ಟ್ರೋಕ್ ಆಗುವ ಭಯ ಇದ್ದೇ ಇರುತ್ತದೆ. ಸುಮ್ನೆ ಹೆದರಿ ಡೋಸ್ ಅರ್ಧ ಮಾಡಿದರೆ ಆ ಅಪಾಯ ಇನ್ನೂ ಹೆಚ್ಚುತ್ತದೆ. ಡಾಬಿಗಟ್ರಾನ್ ಅನ್ನೋ ಇನ್ನೊಂದು ರಕ್ತ ತೆಳುವಿನ ಮಾತ್ರೆ ಆಗಿದ್ದರೆ ಲೆಕ್ಕ ಬೇರೆ, ಅದು ಬಹುಪಾಲು ಕಿಡ್ನಿಯಿಂದಲೇ ಹೊರಗೆ ಹೋಗುತ್ತದೆ. ಹಾಗಾಗಿ ಡೋಸ್ ಮುಟ್ಟಲಿಲ್ಲ. ಡೈಕ್ಲೋಫಿನಾಕ್ ಮಾತ್ರ ನಿಲ್ಲಿಸಿದೆ.

ಎರಡು ವಾರಕ್ಕೆ ಮತ್ತೆ 1.5. ನಾನು ಎದುರು ನೋಡದೇ ಇದ್ದದ್ದು ಮೂರನೇ ತಿಂಗಳ ರಿಪೋರ್ಟ್: 1.3. ಅಂದರೆ ಇಜಿಎಫ್‌ಆರ್ (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, ಹೆಚ್ಚಿದ್ದಷ್ಟೂ ಒಳ್ಳೆಯದು) 52ರಿಂದ 62ಕ್ಕೆ ಏರಿತ್ತು.

ಹಾರ್ಟ್ ಪಂಪ್ ಮಾಡುವ ರಕ್ತದಲ್ಲಿ ಐದರಲ್ಲಿ ಒಂದು ಪಾಲು ಕಿಡ್ನಿಗೇ ಹೋಗುತ್ತದೆ. ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ನಡುಗುತ್ತಿದ್ದರೆ ಆ ಪಾಲು ಕಡಿಮೆಯಾಗುತ್ತದೆ. ತಾಳ ಮರಳಿದರೆ ಕಿಡ್ನಿಗೂ ರಕ್ತ ಮರಳುತ್ತದೆ. ಜಪಾನಿನ ವೈದ್ಯರು 2011ರಲ್ಲಿ ಇದನ್ನೇ ವರದಿ ಮಾಡಿದ್ದರು: ಒಂದು ವರ್ಷ ತಾಳ ಉಳಿಸಿಕೊಂಡವರ ಇಜಿಎಫ್‌ಆರ್ ಸುಧಾರಿಸಿತ್ತು. ಆದರೆ ಅಂಥವರು ಮೊದಲೇ ಸ್ವಲ್ಪ ಗಟ್ಟಿಮುಟ್ಟಾಗಿದ್ದವರೂ ಆಗಿರಬಹುದು ಅಲ್ವಾ? ಹಾಗಾಗಿ ಕಿಡ್ನಿ ಸರಿಯಾಗುತ್ತೆ ಅಂತ ಹೇಳಿ ನಾನು ಯಾರನ್ನೂ ಅಬ್ಲೇಷನ್‌ಗೆ ಕಳಿಸುವುದಿಲ್ಲ.

ಹರಿಹರದ ಒಬ್ಬ ನಿವೃತ್ತ ಟೀಚರ್‌ಗೆ 20 ವರ್ಷದ ಸಕ್ಕರೆ ಕಾಯಿಲೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಅಬ್ಲೇಷನ್ ಆಗಿ ವರ್ಷ ಕಳೆದರೂ ನಾಡಿ ಅಚ್ಚುಕಟ್ಟು, ಕ್ರಿಯೇಟಿನಿನ್ ಮಾತ್ರ 1.8 ಬಿಟ್ಟು ಕದಲಲಿಲ್ಲ. "ಕಿಡ್ನಿಗೆ ಯಾಕೆ ಸರ್ ಬುದ್ಧಿ ಬರಲಿಲ್ಲ?" ಅಂದರು. ಸಕ್ಕರೆ ಕೆಡಿಸಿದ ಜರಡಿಯನ್ನು ಹಾರ್ಟಿನ ತಂತಿ ಹೇಗೆ ಹೊಲಿಯುತ್ತದೆ, ಮೇಡಂ ಅಂದೆ. ನಕ್ಕರು, ಆದರೆ ಬೇಜಾರಾಗಿದ್ದು ಕಾಣುತ್ತಿತ್ತು.

ಈಗ ಇಂಥವರಿಗೆಲ್ಲ ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇನೆ. ಹೋಗುವ ಮುಂಚೆ, ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ಬರೆಯುತ್ತೇನೆ. ಯಾವಾಗಲೂ ಒಂದೇ ಲ್ಯಾಬ್. ಹಿಂದಿನ ರಾತ್ರಿ ಮಟನ್ ಬೇಡ, ತಿಂದರೆ ಕ್ರಿಯೇಟಿನಿನ್ ಸ್ವಲ್ಪ ಏರುತ್ತದೆ. ತೂಕವನ್ನೂ ಬರೆಯುತ್ತೇನೆ. ಮೈ ಇಳಿದು ಮಾಂಸಖಂಡ ಕರಗಿದರೂ ಕ್ರಿಯೇಟಿನಿನ್ ಇಳಿಯುತ್ತದೆ, ಅದನ್ನು ನೋಡಿ ಕಿಡ್ನಿ ಸುಧಾರಿಸಿತು ಅಂದುಕೊಂಡು ನಾನೇ ಒಮ್ಮೆ ಮೋಸ ಹೋಗಿದ್ದೆ.

ಚನ್ನಗಿರಿಯ ಯಜಮಾನರು ಮೊನ್ನೆ ಮೆಡಿಕಲ್ ಶಾಪಿನ ಮುಂದೆ ನಿಂತೇ ಫೋನ್ ಮಾಡಿದ್ದರು. ಹಲ್ಲುನೋವಂತೆ. ಪಟ್ಟಿಯ ಹಿಂದಿನ ಹೆಸರನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಐಬುಪ್ರೊಫೆನ್. ಅದೂ ಡೈಕ್ಲೋಫಿನಾಕ್ ಜಾತಿಯದ್ದೇ. ವಾಪಸ್ ಕೊಟ್ಟು ಪ್ಯಾರಸಿಟಮಾಲ್ ತಗೊಳ್ಳಿ ಅಂದೆ. "ಆಗ್ಲೇ ವಾಪಸ್ ಕೊಟ್ಟೆ ಡಾಕ್ಟ್ರೇ, ಸುಮ್ನೆ ಕೇಳಿದೆ" ಅಂದರು.