ಗುಜರಿಗೆ ಹೊರಟಿದ್ದ ಎಂಟು ಕಂಪ್ಯೂಟರ್‌ಗಳು

ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಹೊಸ ಕಂಪ್ಯೂಟರ್‌ಗಳು ಬಂದಾಗ ಗುಜರಿಯ ಪಟ್ಟಿಗೆ ಸೇರಿದ್ದ ಹಳೆಯವುಗಳಲ್ಲಿ ಎಂಟನ್ನು ಒಂದು ಕ್ಲಸ್ಟರ್, ಅಂದರೆ ಕೇಬಲ್‌ಗಳಿಂದ ಬೆಸೆದು ಒಂದೇ ಲೆಕ್ಕವನ್ನು ಹಂಚಿಕೊಂಡು ಮಾಡುವ ಕಂಪ್ಯೂಟರ್‌ಗಳ ಗುಂಪು, ಕಟ್ಟಲೆಂದು ನಾನು ಕೇಳಿ ಪಡೆದುಕೊಂಡೆ. ಪ್ರತಿಯೊಂದರಲ್ಲೂ 2.8 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ ಪ್ರೊಸೆಸರ್ ಮತ್ತು 2 ಜಿಬಿ ರ‍್ಯಾಮ್ ಇದ್ದವು. 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಕಟ್ಟಿದ ಬಿಯೊವುಲ್ಫ್ ಕ್ಲಸ್ಟರಿನಲ್ಲಿ ಇದ್ದದ್ದು 16 ಸಾಮಾನ್ಯ 486 ಪ್ರೊಸೆಸರ್‌ಗಳು. ಅದರ ಮುಂದೆ ನನ್ನದು ಸಿರಿವಂತಿಕೆಯೇ.

ಡೆಬಿಯನ್ ಎಂಬ ಲಿನಕ್ಸ್ ಹಾಕುವುದು, ಒಂದು ಯಂತ್ರದಿಂದ ಇನ್ನೊಂದನ್ನು ಪ್ರವೇಶಿಸುವಾಗ ಪಾಸ್‌ವರ್ಡ್ ಕೇಳದಂತೆ ಎಸ್‌ಎಸ್‌ಎಚ್ ಕೀಲಿಗಳನ್ನು ಹಂಚುವುದು, ಮುಖ್ಯ ಯಂತ್ರದ ಒಂದು ಫೋಲ್ಡರನ್ನು ಎನ್‌ಎಫ್‌ಎಸ್ ಮೂಲಕ ಉಳಿದ ಏಳಕ್ಕೂ ತೆರೆದಿಡುವುದು, ಪ್ರೋಗ್ರಾಮಿನ ಭಾಗಗಳ ನಡುವೆ ಸಂದೇಶ ಸಾಗಿಸುವ ಓಪನ್ ಎಂಪಿಐ ಸ್ಥಾಪಿಸುವುದು, ಇವೆಲ್ಲ ಎರಡು ದಿನಗಳಲ್ಲಿ ಮುಗಿದವು. ನನ್ನನ್ನು ಸತಾಯಿಸಿದ್ದು, ಕರೆಂಟ್ ಇಲ್ಲದಾಗಲೂ ಗಡಿಯಾರ ಮತ್ತು ಸೆಟ್ಟಿಂಗ್‌ಗಳನ್ನು ಉಳಿಸುವ, ಮದರ್‌ಬೋರ್ಡಿನ ಮೇಲಿನ ಗುಂಡಿಯಾಕಾರದ ಸೆಲ್. ಅದು ಸತ್ತಿದ್ದರಿಂದ ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರಗಳು ಎಫ್1 ಒತ್ತುವಂತೆ ಕೇಳುತ್ತಾ ನಿಂತುಬಿಡುತ್ತಿದ್ದವು; ಇದ್ದ ಒಂದೇ ಕೀಬೋರ್ಡನ್ನು ಹಿಡಿದು ನಾನು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿದ್ದೆ. ತಾರೀಖೂ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿದ್ದರಿಂದ, ಹಂಚಿಕೊಂಡ ಫೋಲ್ಡರಿನ ಕಡತಗಳು ಭವಿಷ್ಯದಲ್ಲಿ ಬರೆದವುಗಳಂತೆ ಕಂಡು, ಯಾವುದನ್ನು ಮತ್ತೆ ಕಂಪೈಲ್ ಮಾಡಬೇಕೆಂಬುದೇ, ಕಡತಗಳ ತಾರೀಖು ನೋಡಿ ಅದನ್ನು ನಿರ್ಧರಿಸುವ ಮೇಕ್ ಎಂಬ ಪ್ರೋಗ್ರಾಮಿಗೆ ತಿಳಿಯದಾಗುತ್ತಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎಂಟು ಸಿಆರ್2032 ಸೆಲ್ ತಂದು ಹಾಕಿ, ಎಲ್ಲ ಗಡಿಯಾರಗಳೂ ಮುಖ್ಯ ಯಂತ್ರವನ್ನೇ ಅನುಸರಿಸುವಂತೆ ಕ್ರೋನಿ ಎಂಬ ತಂತ್ರಾಂಶ ಅಳವಡಿಸಿದ ಮೇಲೆ ಈ ಕಾಟ ತಪ್ಪಿತು.

ಮೊದಲು ಓಡಿಸಿದ್ದು ಲೋಹದ ತಗಡಿನಲ್ಲಿ ಶಾಖ ಹರಡುವುದನ್ನು ಲೆಕ್ಕ ಹಾಕುವ ಪ್ರೋಗ್ರಾಮು. 500×500 ಚೌಕಗಳ ಜಾಲವನ್ನು, ಯಂತ್ರಕ್ಕೆ ಎರಡರಂತೆ ಇದ್ದ 16 ಕೋರ್‌ಗಳಿಗೆ (ಪ್ರೊಸೆಸರಿನ ಲೆಕ್ಕ ಮಾಡುವ ಘಟಕಗಳಿಗೆ) ಹಂಚಿದರೆ ಅದು ಒಂದೇ ಯಂತ್ರದಲ್ಲಿ ಓಡಿದ್ದಕ್ಕಿಂತಲೂ ನಿಧಾನವಾಗಿ ಓಡಿತು. ಪ್ರತಿ ಹೆಜ್ಜೆಗೂ ನೆರೆಯ ಭಾಗಗಳು ಅಂಚಿನ ಸಾಲುಗಳನ್ನು ವಿನಿಮಯ ಮಾಡಿಕೊಳ್ಳಲೇಬೇಕು, ಮತ್ತು ಯಂತ್ರಗಳನ್ನು ಬೆಸೆದಿದ್ದ ನಮ್ಮ ಹಳೆಯ 100 ಎಂಬಿಪಿಎಸ್ (ಸೆಕೆಂಡಿಗೆ ಹತ್ತು ಕೋಟಿ ಬಿಟ್) ವೇಗದ ಸ್ವಿಚ್ಚಿನಲ್ಲಿ ಆ ವಿನಿಮಯಕ್ಕೆ ಲೆಕ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದರ ಹತ್ತು ಪಟ್ಟು ವೇಗದ ಗಿಗಾಬಿಟ್ ಸ್ವಿಚ್ ಕೊಂಡು ತಂದರೂ ವೇಗ ಏರಲಿಲ್ಲ. ಸಂಪರ್ಕದ ವೇಗ ತೋರಿಸುವ ಎತ್‌ಟೂಲ್‌ನಲ್ಲಿ ನೋಡಿದರೆ ಮೂರು ಯಂತ್ರಗಳು ಇನ್ನೂ 100ರಲ್ಲೇ ಇದ್ದವು. ಅವುಗಳ ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದಾಗ ಕಾರಣ ಕಂಡಿತು: ಹಿಂದೆ ಯಾರೋ ಎಂಟು ತಂತಿಗಳಲ್ಲಿ ನಾಲ್ಕನ್ನು ಮಾತ್ರ ಪ್ಲಗ್ಗಿಗೆ ಒತ್ತಿ ಕೂರಿಸಿದ್ದರು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಪ್ರತಿ ಹೆಜ್ಜೆಯಲ್ಲೂ ಎಲ್ಲರೂ ನಿಧಾನವಾದವನಿಗಾಗಿ ಕಾಯುವುದರಿಂದ ಮೂರು ಕೇಬಲ್‌ಗಳೇ ಇಡೀ ಗುಂಪನ್ನು ಹಿಡಿದೆಳೆಯುತ್ತಿದ್ದವು.

ಕೇಬಲ್ ಬದಲಿಸಿ, ಜಾಲವನ್ನೂ 4000×4000ಕ್ಕೆ ಹಿಗ್ಗಿಸಿದ ಮೇಲೆ ಕ್ಲಸ್ಟರಿಗೆ ಅರ್ಥ ಬಂತು. ಅಂಚಿಗೆ ಹೋಲಿಸಿದರೆ ಒಳಭಾಗ ದೊಡ್ಡದಾದಷ್ಟೂ ಮಾತಿನ ಪಾಲು ಕಡಿಮೆ, ದುಡಿಮೆಯ ಪಾಲು ಹೆಚ್ಚು. ಯಾದೃಚ್ಛಿಕ ಸಂಖ್ಯೆಗಳಿಂದ ಉತ್ತರ ಅಂದಾಜಿಸುವ, ಒಂದಕ್ಕೊಂದು ಸಂಬಂಧವಿಲ್ಲದ ಮಾಂಟೆ ಕಾರ್ಲೊ ಲೆಕ್ಕಗಳಂತೂ ಒಂದೇ ಯಂತ್ರಕ್ಕಿಂತ ಹೆಚ್ಚುಕಡಿಮೆ ಎಂಟು ಪಟ್ಟು ವೇಗದಲ್ಲಿ ಮುಗಿದವು. ವಿದ್ಯುತ್ತಿನ ಮಟ್ಟಿಗೆ ಮಾತ್ರ ಇದು ದುಬಾರಿ: ಎಂಟೂ ದುಡಿಯುವಾಗ ಸುಮಾರು 700 ವ್ಯಾಟ್, ಅಂದರೆ ಹತ್ತು ಗಂಟೆಗೆ 7 ಯೂನಿಟ್. ಇಷ್ಟೇ ಲೆಕ್ಕವನ್ನು ಇಂದಿನ ಒಂದೇ ಡೆಸ್ಕ್‌ಟಾಪ್ ಇದರ ಚಿಕ್ಕ ಪಾಲಿನಲ್ಲಿ ಮಾಡಿಬಿಡುತ್ತದೆ. ಆದರೆ ಸಂದೇಶ ತಡವಾದರೆ ಏನಾಗುತ್ತದೆಂಬುದನ್ನು ವಿದ್ಯಾರ್ಥಿಗಳಿಗೆ ಕೇಬಲ್ ಕಿತ್ತು ತೋರಿಸಲು ಅದರಲ್ಲಿ ಆಗುವುದಿಲ್ಲ.

ಕಳೆದ ತಿಂಗಳು ಕೆಪಾಸಿಟರ್‌ಗಳು ಉಬ್ಬಿ ಒಂದು ಯಂತ್ರ ನಿಂತುಹೋಯಿತು. 4000 ಸಾಲುಗಳನ್ನು 16ರಿಂದ ಸಮನಾಗಿ ಭಾಗಿಸಿ ಬರೆದಿದ್ದ ನನ್ನ ಪ್ರೋಗ್ರಾಮು 14 ಕೋರ್‌ಗಳಲ್ಲಿ ಓಡಲು ಒಪ್ಪುತ್ತಿಲ್ಲ. ಮಿಕ್ಕುವ ಹತ್ತು ಸಾಲುಗಳನ್ನು ಹೇಗೆ ಹಂಚಬೇಕೆಂಬುದು ಈ ಸೆಮಿಸ್ಟರಿನ ವಿದ್ಯಾರ್ಥಿಗಳಿಗೆ ಕೊಟ್ಟಿರುವ ಮೊದಲ ಪ್ರಯೋಗ.